ಕಬ್ಬಿಣದ ಹಲ್ಲಿನ ಪೇಟೆಂಟು

ಹಿರೇಬೆಂಡಿಗೇರಿಯ ಪರಮೇಶಪ್ಪನಿಗೆ ಶೇಂಗಾ ಒಡೆಯುವ ಯಂತ್ರ ಹೊಳೆದದ್ದು ತಡಸದ ರಸ್ತೆಯಲ್ಲಿ, ಹೆಂಗಸೊಬ್ಬಳು ಸರ್ವಿಸ್ ಮೋಟಾರಿನ ಡ್ರೈವರನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಾಗ. ಅದು ಮೂವತ್ತೆಂಟನೆಯ ಇಸವಿಯ ಸುಗ್ಗಿ. ಅವಳು ರಸ್ತೆಯ ಬದಿಗೆ ಒಣಹಾಕಿದ್ದ ಶೇಂಗಾದ ಮೇಲೆ ಮೋಟಾರು ಹಾದುಹೋಗಿತ್ತು.

"ಹಾದಿ ಇಷ್ಟು ಅಗಲ ಐತಿ, ನಿನ್ನ ಗಾಲಿಗೆ ನನ್ನ ಶೇಂಗಾನ ಬೇಕಾಗಿತ್ತೇನೋ? ಕಣ್ಣು ಮನ್ಯಾಗ ಇಟ್ಟು ಬಂದೀಯೇನು?"

ಮಂದಿ ಜಗಳ ನೋಡುತ್ತ ನಿಂತರು. ಪರಮೇಶಪ್ಪ ನೆಲ ನೋಡುತ್ತ ನಿಂತ. ಗಾಳಿ ಅರ್ಧ ಇಳಿದಿದ್ದ ಟಾಯರು ಹಾದಲ್ಲೆಲ್ಲ ಸಿಪ್ಪೆ ಬಿರಿದು ಬೇರೆಯಾಗಿತ್ತು. ಒಳಗಿನ ಬೀಜ ಇಡಿಯಾಗಿ ಉಳಿದಿತ್ತು. ಅವನು ಬಗ್ಗಿ ನಾಲ್ಕು ಬೀಜ ಆರಿಸಿಕೊಂಡ. ಹೆಂಗಸು ಡ್ರೈವರನನ್ನು ಬಿಟ್ಟು ಇವನನ್ನು ಬೈಯತೊಡಗಿದಳು.

ಆ ಕಾಲಕ್ಕೆ ಆ ಸೀಮೆಯಲ್ಲಿ ಶೇಂಗಾ ಬೆಳೆ ಹುಚ್ಚಿನಂತೆ ಹಬ್ಬಿತ್ತು. ಬೆಳೆಯುವುದು ಸುಲಭ, ಒಡೆಯುವುದು ಕಷ್ಟ. ಮನೆಮನೆಯ ಹೆಂಗಸರು ಪಡಸಾಲೆಯಲ್ಲಿ ಕುಳಿತು ಒಂದೊಂದೇ ಕಾಯಿಯನ್ನು ಬೆರಳಿನಿಂದ ಹಿಚುಕುತ್ತಿದ್ದರು. ಪರಮೇಶಪ್ಪನ ತಾಯಿ ದಾನವ್ವನ ಹೆಬ್ಬೆರಳಿಗೆ ಸುಗ್ಗಿ ಮುಗಿಯುವ ಹೊತ್ತಿಗೆ ಉಗುರೇ ಉಳಿಯುತ್ತಿರಲಿಲ್ಲ.

ಮೂರು ದಿನ ಅವನು ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನ ಎಲ್ಲ ಲೆಕ್ಕಕ್ಕೆ ಬಂತು. ಒಂದು ಮರದ ಉರುಳೆ. ಅದರ ಮೈಗೆ ಹಳೆಯ ಟಾಯರಿನ ತುಂಡುಗಳು. ಕೆಳಗೆ ತೊಟ್ಟಿಲಿನಂತೆ ಬಾಗಿದ ಕಬ್ಬಿಣದ ಜಾಲರಿ. ಹಿಡಿಕೆ ತಿರುವಿದರೆ ಟಾಯರು ಕಾಯಿಯನ್ನು ಜಾಲರಿಗೆ ತಿಕ್ಕುತ್ತದೆ, ಸಿಪ್ಪೆ ಬಿರಿಯುತ್ತದೆ, ಬೀಜ ಕೆಳಗೆ ಉದುರುತ್ತದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ಸಂತೆಗಳಲ್ಲಿ ತನ್ನ ಹೆಸರು ಬರೆದ ಯಂತ್ರಗಳು ಸಾಲಾಗಿ ನಿಂತದ್ದು ಅವನ ಕಣ್ಣಿಗೆ ಕಟ್ಟಿತು.

ಹೆಸರೇ ಅವನಿಗೆ ಮುಖ್ಯ. ಅವನ ಅಪ್ಪ ಆ ಊರಿನಲ್ಲಿ ಮೊದಲ ಹಂಚಿನ ಮನೆ ಕಟ್ಟಿಸಿದ್ದ. ಎರಡು ವರ್ಷದಲ್ಲಿ ಓಣಿಗೆಲ್ಲ ಹಂಚು ಬಂತು. ಅಪ್ಪ ಸತ್ತಾಗ ಮಣ್ಣಿಗೆ ಬಂದವರು ಅವನ ಎತ್ತುಗಳನ್ನು ಹೊಗಳಿದರು, ಹಂಚಿನ ಸುದ್ದಿ ಯಾರೂ ಎತ್ತಲಿಲ್ಲ. ಇದು ಪರಮೇಶಪ್ಪನ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು.

ಆದ್ದರಿಂದ ಅವನು ಯಂತ್ರವನ್ನು ಒಬ್ಬನ ಕೈಯಲ್ಲಿ ಮಾಡಿಸಲಿಲ್ಲ. ಉರುಳೆಯನ್ನು ಹಾನಗಲ್ಲಿನ ಒಬ್ಬ ಬಡಿಗನಿಗೆ ಒಪ್ಪಿಸಿದ. ಮಠದ ಸ್ವಾಮಿಗಳು ಒರಗಿಕೊಳ್ಳುವ ಲೋಡು ಎಂದು ಹೇಳಿದ.

"ಕಟಿಗಿ ಲೋಡಿಗೆ ಒರಗಿದ್ರ ಬೆನ್ನು ಏನಾಗಬೇಕ್ರಿ?" ಎಂದ ಬಡಿಗ.

"ಅವರು ವೈರಾಗ್ಯದೋರು."

"ಮತ್ತ ನಡುವ ತೂತು ಯಾಕ್ರಿ?"

"ಗಾಳಿ ಆಡಾಕ."

ಬಡಿಗ ಕೈಮುಗಿದು, ಪುಣ್ಯದ ಕೆಲಸವೆಂದು ಉರುಳೆಯ ಎರಡೂ ತುದಿಗೆ ಕಮಲದ ಹೂ ಕೆತ್ತಿಕೊಟ್ಟ.

ಜಾಲರಿಯನ್ನು ಸವಣೂರಿನ ಕಮ್ಮಾರ ಹಜರತಅಲಿಯ ಕುಲುಮೆಯಲ್ಲಿ ಮಾಡಿಸಿದ. ಅಲ್ಲಿ ಅವನಿಗೆ ಬೇಗ ಸುಳ್ಳು ಹೊಳೆಯಲಿಲ್ಲ. ಕೋಳಿ ಗೂಡಿಗೆ ಎಂದುಬಿಟ್ಟ. ಹಜರತಅಲಿ ತಿದಿ ಒತ್ತುವುದನ್ನು ನಿಲ್ಲಿಸಿ ಅವನ ಹಣೆಯ ವಿಭೂತಿ ನೋಡಿದ, ಕೊರಳಿನ ಲಿಂಗ ನೋಡಿದ.

"ಸಾವ್ಕಾರ್ರ, ನಿಮ್ಮ ಮನ್ಯಾಗ ಕೋಳಿ?"

"ಹೂಂ."

"ಖುದಾನಾಣೆ, ನಾ ಯಾರ ಮುಂದೂ ಹೇಳೂದಿಲ್ಲ."

ಹಾಗೆಂದವನು ಒಬ್ಬನ ಮುಂದೆ ಮಾತ್ರ ಹೇಳಿದ. ಎಂಟು ದಿನದಲ್ಲಿ ಪರಮೇಶಪ್ಪ ಕದ್ದು ಕೋಳಿ ತಿನ್ನುತ್ತಾನೆಂಬ ಸುದ್ದಿ ಹಿರೇಬೆಂಡಿಗೇರಿಗೆ ಬಂತು. ಹಿರಿಯರು ಮನೆಗೆ ಬಂದು, ಇದು ಖರೆಯೋ ಸುಳ್ಳೋ ಎಂದು ಕೇಳಿದರು. ಸುಳ್ಳು ಎಂದರೆ ಜಾಲರಿ ಯಾತಕ್ಕೆಂದು ಹೇಳಬೇಕು. ಪರಮೇಶಪ್ಪ ತಲೆ ತಗ್ಗಿಸಿ ಕುಳಿತ. ಮಠದ ಐನೋರು ಬಂದು ಮನೆ ಶುದ್ಧಿ ಮಾಡಿದರು. ದಾನವ್ವ ಎರಡು ದಿನ ಮಗನ ಜೊತೆ ಮಾತು ಬಿಟ್ಟಳು. ಯಂತ್ರದ ಗುಟ್ಟು ಮಾತ್ರ ಹೊರಬೀಳಲಿಲ್ಲ.

ಹಿತ್ತಿಲ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅವನೇ ಎಲ್ಲ ಜೋಡಿಸಿದ. ಟಾಯರಿನ ತುಂಡುಗಳಿಗೆ ಮೊಳೆ ಹೊಡೆದ. ಮೊದಲ ಬುಟ್ಟಿ ಒಡೆದು ಬಂದಾಗ ದಾನವ್ವ ಬೀಜದಲ್ಲಿ ಕೈಯಾಡಿಸಿ, "ಕೋಳಿ ಅಂತ ಯಾಕ ಹೇಳಿದ್ಯೋ ಖೋಡಿ" ಎಂದು ಅತ್ತಳು, ನಕ್ಕಳು.

ಮುಂದಿನ ವಾರ ಅವನು ಶಿಗ್ಗಾವಿಯ ವಕೀಲ ಮಹಾಲಿಂಗಪ್ಪನವರಲ್ಲಿಗೆ ಹೋದ. ವಕೀಲರು ಹೊಲದ ಬದುವಿನ ದಾವೆ ಬಿಟ್ಟು ಬೇರೇನೂ ನಡೆಸಿದವರಲ್ಲ. ಆದರೂ ಧಾರವಾಡದಿಂದ ಒಂದು ಪುಸ್ತಕ ತರಿಸಿ ಓದಿಟ್ಟುಕೊಂಡಿದ್ದರು.

"ಪೇಟೆಂಟ್ ಅಂತ ಐತ್ರಿ ಪರಮೇಶಪ್ಪನವರ. ಕಲಕತ್ತಾದಾಗ ಅದರ ಆಫೀಸು. ಒಮ್ಮೆ ಸಿಕ್ಕಿತಂದ್ರ ಹದಿನಾರು ವರ್ಷ ಆ ಮಶೀನ ನಿಮ್ಮದ. ಬ್ಯಾರೆಯವ್ರು ಮಾಡಂಗಿಲ್ಲ, ಮಾರಂಗಿಲ್ಲ."

"ಕೊಡಸ್ರಿ ಮತ್ತ."

"ಕೊಡಸೂಣು. ಮಶೀನ ಹೆಂಗೈತಿ, ಹೆಂಗ ನಡೀತೈತಿ, ಎಲ್ಲಾ ಚಿತ್ರ ಸಮೇತ ಬರದು ಕೊಡ್ರಿ."

"ಬರದದ್ದನ್ನ ಅವ್ರು ಎಲ್ಲಿ ಮುಚ್ಚಿಡ್ತಾರ್ರಿ?"

"ಮುಚ್ಚಿಡೂದಿಲ್ಲ. ಅಚ್ಚು ಹಾಕಸ್ತಾರ. ಯಾರು ಬೇಕಾದ್ರೂ ತರಿಸ್ಕೊಂಡು ಓದಬಹುದು."

ಪರಮೇಶಪ್ಪ ಎದ್ದು ನಿಂತ. ಮತ್ತೆ ಕುಳಿತ.

"ವಕೀಲ್ರ, ಕಳ್ಳರು ಬರಬಾರ್ದಂತ ಕೀಲಿ ಕೇಳಾಕ ಬಂದೇನಿ ನಾ. ನೀವು ನೋಡಿದ್ರ ಕೀಲಿಕೈ ಸಂತ್ಯಾಗ ಹಂಚು ಅಂತೀರಿ."

"ಕಾಯ್ದೆನ ಹಂಗೈತ್ರಿ. ನೀವು ಗುಟ್ಟು ಬಿಟ್ಟುಕೊಟ್ರ ಸರಕಾರ ಹಕ್ಕು ಬಿಟ್ಟುಕೊಡ್ತೈತಿ."

"ಆತು. ಸವಣೂರಾಗೂ ನಡೀತೈತಿಲ್ಲೋ?"

"ಅದು ನವಾಬರ ಸಂಸ್ಥಾನ. ಅಲ್ಲಿ ಈ ಕಾಗದ ನಡ್ಯೂದಿಲ್ಲ."

"ಅಂದ್ರ ಚಕ್ಕಡಿ ಹೂಡ್ಕೊಂಡು ಗಡಿ ದಾಟಿ ಕದ್ರ ಅದು ಕಳವು ಅಲ್ಲ?"

ವಕೀಲರು ಪುಸ್ತಕದ ಎರಡು ಹಾಳೆ ತಿರುವಿದರು. "ಕಾಯ್ದೆ ಪ್ರಕಾರ ಅಲ್ಲ" ಎಂದರು.

ಪರಮೇಶಪ್ಪ ಏಳನೆಯ ಇಯತ್ತೆ ಕಲಿತು ಮುಲ್ಕಿ ಪರೀಕ್ಷೆ ಪಾಸಾದವನು. ತನ್ನ ತಲೆಯ ಮೇಲೆ ಅವನಿಗೆ ನಂಬಿಕೆ ಬಹಳ. ಮನೆಗೆ ಬಂದು ವಿವರ ಬರೆಯಲು ಕುಳಿತ. ಉರುಳೆ ಬರೆದ, ಜಾಲರಿ ಬರೆದ, ಹಿಡಿಕೆ ಬರೆದ. ಟಾಯರು ಎಂದು ಬರೆಯಬೇಕಾದಲ್ಲಿ ಲೇಖಣಿ ನಿಂತಿತು. ಸ್ವಲ್ಪ ಹೊತ್ತು ಯೋಚಿಸಿ "ಕಬ್ಬಿಣದ ಹಲ್ಲುಗಳು, ನಾಲ್ವತ್ತೆಂಟು" ಎಂದು ಬರೆದ. ಹಲ್ಲುಗಳ ಚಿತ್ರ ತೆಗೆದ. ಅಚ್ಚಾದದ್ದನ್ನು ಓದಿ ಯಾವನಾದರೂ ಕಳ್ಳ ಮದ್ರಾಸಿನಲ್ಲೋ ಮುಂಬಯಿಯಲ್ಲೋ ಯಂತ್ರ ಕಟ್ಟಿದರೆ ಶೇಂಗಾ ಹಿಟ್ಟಾಗಲಿ ಎಂಬುದು ಅವನ ಉಪಾಯ. ವಕೀಲರಿಗೂ ಇದನ್ನು ಹೇಳಲಿಲ್ಲ. ಅವರು ಯಂತ್ರ ಕಂಡವರಲ್ಲ, ಬರೆದದ್ದನ್ನು ಹಾಗೆಯೇ ಇಂಗ್ಲೀಷಿಗೆ ಇಳಿಸಿ ಕಳಿಸಿದರು.

ನಾಲ್ವತ್ತನೆಯ ಇಸವಿಯ ಕೊನೆಗೆ ಕಲಕತ್ತೆಯಿಂದ ಮೊಹರು ಬಿದ್ದ ಕಾಗದ ಬಂತು. ಪರಮೇಶಪ್ಪ ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ. ಬರಹವನ್ನು ಯಾರೂ ಓದಬಾರದೆಂದು ಮುಖವನ್ನು ಗೋಡೆಯ ಕಡೆಗೆ ಮಾಡಿದ. ಬಂದವರಿಗೆ ಒಂದು ರಟ್ಟು, ಎರಡು ಮೊಳೆ ಕಾಣುತ್ತಿದ್ದವು. ಅವರು ಅದಕ್ಕೇ ಕೈಮುಗಿಯುತ್ತಿದ್ದರು.

ಕಂಪನಿ ಶುರುವಾಯಿತು. ಗಿರಾಕಿ ಮಾತ್ರ ನಿಲ್ಲಲಿಲ್ಲ. ಹಂಸಭಾವಿಯಿಂದ ಅಜ್ಜಪ್ಪ ಎಂಬ ಶೇಂಗಾ ವ್ಯಾಪಾರಿ ಬಂದ. ಪರಮೇಶಪ್ಪ ಅವನ ಚೀಲವನ್ನು ಒಳಗೆ ಒಯ್ದು ಬಾಗಿಲು ಹಾಕಿಕೊಂಡ. ಒಳಗೆ ಗರಗರ ಸದ್ದಾಯಿತು. ಹೊರಗೆ ಬೀಜ ಬಂತು. ಅಜ್ಜಪ್ಪ ಬೀಜ ನೋಡಿ ಮೆಚ್ಚಿದ, ಆಮೇಲೆ ಬಾಗಿಲ ಸಂದಿಗೆ ಕಿವಿಯಿಟ್ಟ.

"ಒಳಗ ಎಷ್ಟು ಮಂದಿ ಹೆಣ್ಮಕ್ಕಳನ್ನ ಕುಂದರಸೀರಿ?"

"ಯಾರೂ ಇಲ್ಲರಿ. ಮಶೀನ."

"ತೋರಸ್ರಿ."

"ತೋರಸೂದಿಲ್ಲ. ತಗೊಂಡ ಮ್ಯಾಲ ನೋಡ್ರಿ."

"ಹೆಣ್ಣು ತೋರಸದ ಮದುವಿ ಮಾಡೋ ಬೀಗರನ್ನ ಕೇಳೇನಿ, ಹಿಂತಾ ಮಶೀನ ಕಂಪನಿ ಕೇಳಿಲ್ಲ" ಎಂದು ಅಜ್ಜಪ್ಪ ತನ್ನ ಬೀಜ ಕಟ್ಟಿಕೊಂಡು ಹೋದ.

ಅನಾಹುತವಾದದ್ದು ಮುಂದಿನ ಸುಗ್ಗಿಯಲ್ಲಿ. ಗಿರಾಕಿ ಹುಡುಕಲು ಪರಮೇಶಪ್ಪ ಹಿರೇಕೆರೂರಿನ ಕಡೆಗೆ ಹೋದವನು ಹದಿನೈದು ದಿನ ಅಲ್ಲೇ ಉಳಿದ. ಹೋಗುವಾಗ ಕೋಣೆಯ ಕೀಲಿಕೈಯನ್ನು ತಾಯಿಗೆ ಕೊಟ್ಟು, ಹೊರಗಿನವರು ಯಾರನ್ನೂ ಒಳಗೆ ಬಿಡಬೇಡವೆಂದು ಮೂರು ಸಲ ಹೇಳಿದ್ದ. ಅವನು ಹೋದ ಮರುದಿನವೇ ಉರುಳೆಯ ಒಂದು ಟಾಯರಿನ ತುಂಡು ಕಿತ್ತುಬಂತು. ದಾನವ್ವ ಬಡಿಗೇರ ಮಾನಪ್ಪನನ್ನು ಕರೆಸಿದಳು.

ಮಾನಪ್ಪ ಆ ಮನೆಯ ಆಯದ ಬಡಿಗ. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಜೋಳ ಅಳೆದುಕೊಂಡು ಹೋಗುತ್ತಿದ್ದ. ಆ ಜೋಳಕ್ಕೆ ಪ್ರತಿಯಾಗಿ ವರ್ಷವಿಡೀ ಕೂರಿಗೆ, ಕುಂಟೆ, ಬಾಗಿಲು, ತೊಟ್ಟಿಲು ಏನು ಮುರಿದರೂ ಅವನೇ ಮಾಡಿಕೊಡಬೇಕು. ಒಲ್ಲೆ ಎನ್ನುವಂತಿಲ್ಲ. ಅಪ್ಪ, ಮುತ್ತ್ಯಾನ ಕಾಲದಿಂದ ಆ ಮನೆಯ ಯಾವ ಕೋಣೆಯೂ ಅವನಿಗೆ ಮುಚ್ಚಿದ್ದಿಲ್ಲ. ಹೊರಗಿನವರೆಂದು ಮಗ ಹೇಳಿದಾಗ ದಾನವ್ವನ ಮನಸ್ಸಿಗೆ ಕಳ್ಳಕಾಕರು ಬಂದರು, ಪೋಲೀಸರು ಬಂದರು, ಅಜ್ಜಪ್ಪನೂ ಬಂದ. ಮಾನಪ್ಪ ಬರಲಿಲ್ಲ. ನಾಲ್ಕೂ ಸಂತೆಗಳ ಕಣ್ಣು ತಪ್ಪಿಸಿದ್ದ ಪರಮೇಶಪ್ಪನ ಲೆಕ್ಕದಲ್ಲೂ ಮಾನಪ್ಪ ಇರಲಿಲ್ಲ. ಬಾಗಿಲಿಗೆ ಚಿಲಕ ಕೂಡಿಸಿದವನೇ ಅವನು.

ಪರಮೇಶಪ್ಪ ತಿರುಗಿ ಬಂದು ಚಕ್ಕಡಿಯಿಂದ ಇಳಿಯುವಾಗ ಓಣಿಯ ಮೂರು ಮನೆಗಳಿಂದ ಗರಗರ ಸದ್ದು ಬರುತ್ತಿತ್ತು. ಅವನು ಚೀಲ ಅಲ್ಲೇ ಬಿಟ್ಟು ಮಾನಪ್ಪನ ಅಂಗಳಕ್ಕೆ ಓಡಿದ. ಅಲ್ಲಿ ಇನ್ನೂ ಎರಡು ಯಂತ್ರಗಳು ಅರ್ಧ ಆಗಿ ನಿಂತಿದ್ದವು.

"ಮಾನಪ್ಪಾ, ಇದು ಯಾರದು?"

"ಇದು ಮೂರನೇ ಮನಿ ಯಂಕವ್ವನ ತಂಗೀದ್ರಿ. ಆ ಕಡೇದು ಗೌಡ್ರದು."

"ಅದನ್ನ ಕೇಳಲಿಲ್ಲ. ಇದನ್ನ ಮೊದಲ ತಲ್ಯಾಗ ತಂದವ್ರು ಯಾರು?"

"ನೀವ ಇರಬೇಕ್ರಿ. ನಿಮ್ಮ ಮನ್ಯಾಗ ಇತ್ತಲ್ಲ."

"ಮತ್ತ ನನ್ನ ಕೇಳದ ಯಾಕ ಮಾಡಿದಿ?"

ಮಾನಪ್ಪ ಉಳಿ ಕೆಳಗಿಟ್ಟ. "ಅಲ್ರಿ ಸಾವ್ಕಾರ್ರ, ಆಯ ಕೊಡೋ ಮಂದಿ ಬಂದು ಮಾಡಿಕೊಡು ಅಂದ್ರು. ಒಲ್ಲೆ ಅಂದ್ರ ಕಣದಾಗ ನನಗ ಜೋಳ ಹಾಕ್ತಾರೇನ್ರಿ? ನಮ್ಮ ಮುತ್ತ್ಯಾ ನಿಮ್ಮ ಮುತ್ತ್ಯಾಗ ಕೂರಿಗಿ ಮಾಡಿಕೊಟ್ಟ. ಕೂರಿಗಿ ಮೊದಲ ಯಾರ ತಲ್ಯಾಗ ಬಂತು ಅಂತ ಯಾರರ ಕೇಳಿದ್ರೇನು?"

"ನನ್ನ ಹತ್ರ ಕಲಕತ್ತಾದ ಕಾಗದ ಐತಿ!"

"ಇರಲ್ರಿ. ಕಾಗದದ ರಿಪೇರಿ ನನಗ ಬರೂದಿಲ್ಲ. ಕಟಿಗೀದು ಏನರ ಇದ್ರ ಹೇಳ್ರಿ." ಆಮೇಲೆ ಸಮಾಧಾನ ಮಾಡುವವನಂತೆ ಅಂದ, "ನೀವು ಟಾಯರಿಗೆ ಮೊಳಿ ಹೊಡದಿದ್ರಿ. ಮೊಳಿ ತಲಿ ಬೀಜಕ್ಕ ಬಡೀತಿತ್ತು. ನಾ ತೊಗಲಿನ ಬಾರಿಲೆ ಬಿಗದೇನಿ. ಒಂದು ಬೀಜ ಒಡ್ಯೂದಿಲ್ಲ. ನಿಮ್ಮದಕ್ಕೂ ಹಂಗ ಮಾಡೇನಿ, ಮನಿಗೆ ಹೋಗಿ ನೋಡ್ರಿ."

ಪರಮೇಶಪ್ಪ ಹೋಗಿ ನೋಡಿದ. ಒಂದು ಬೀಜವೂ ಒಡೆಯಲಿಲ್ಲ. ಅವನಿಗೆ ಸಿಟ್ಟು ಇನ್ನೂ ಹೆಚ್ಚಾಯಿತು. ಧಾರವಾಡದ ಕೋರ್ಟಿನಲ್ಲಿ ಮಾನಪ್ಪನ ಮೇಲೆ ದಾವೆ ಹಾಕಿದ.

ಕಾಗದದಲ್ಲಿರುವ ಯಂತ್ರ, ಮಾನಪ್ಪ ಮಾಡಿದ ಯಂತ್ರ ಒಂದೇ ಹೌದೋ ಅಲ್ಲವೋ ಎಂದು ನೋಡಿ ಬರಲು ಕೋರ್ಟು ಒಬ್ಬ ಕಮಿಷನರನ್ನು ನೇಮಿಸಿತು. ಅವರು ಬರುವ ಹಿಂದಿನ ದಿನ ಮುಂಜಾನೆ ವಕೀಲ ಮಹಾಲಿಂಗಪ್ಪನವರು ಹಿರೇಬೆಂಡಿಗೇರಿಗೆ ಬಂದು ಮೊದಲ ಸಲ ಯಂತ್ರ ನೋಡಿದರು. ಕಟ್ಟನ್ನು ಗೋಡೆಯಿಂದ ಇಳಿಸಿ ಕಾಗದ ಓದಿದರು. ಮತ್ತೆ ಯಂತ್ರ ನೋಡಿದರು.

"ಹಲ್ಲು ಎಲ್ಲಿ?"

ಪರಮೇಶಪ್ಪ ತನ್ನ ಉಪಾಯವನ್ನು ಹೆಮ್ಮೆಯಿಂದ ಹೇಳಿದ. ವಕೀಲರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಬೇಕಂತ ಸುಳ್ಳು ಬರದೇನಿ ಅಂತ ನಾಳೆ ಹೇಳಿದ್ರ ಪೇಟೆಂಟ್ ರದ್ದು. ಬರದದ್ದು ಖರೆ ಅಂದ್ರ ಈ ಟಾಯರು ನಿಮ್ಮದಲ್ಲ. ಎರಡರಾಗ ಒಂದು ಹಿಡೀರಿ."

"ಎರಡೂ ನಂದ ಹೌದಲ್ರಿ!"

"ಅದು ನನಗ ಗೊತ್ತೈತಿ, ನಿಮಗ ಗೊತ್ತೈತಿ. ಕಾಯ್ದೇಕ ಗೊತ್ತಿಲ್ಲ."

ಪರಮೇಶಪ್ಪ ಊಟದ ಹೊತ್ತಿನವರೆಗೆ ಕಂಬಕ್ಕೆ ಒರಗಿ ಕುಳಿತ. ಟಾಯರಿಗೆ ಮೊಹರಿಲ್ಲ. ಕಾಗದಕ್ಕೆ ಮೊಹರಿದೆ, ಅದರಲ್ಲಿ ಅವನ ಹೆಸರಿದೆ, ಅವನ ಅಪ್ಪನ ಹೆಸರೂ ಇದೆ. ಕೊನೆಗೆ ಎದ್ದು, ಟಾಯರು ಕಿತ್ತು ಹಲ್ಲು ಕೂಡಿಸಬೇಕೆಂದ. ಒಂದು ದಿನದಲ್ಲಿ ಆ ಕೆಲಸ ಮಾಡುವವನು ಆ ಊರಿನಲ್ಲಿ ಒಬ್ಬನೇ ಇದ್ದ.

ಮಾನಪ್ಪ ಉಳಿ, ಸುತ್ತಿಗೆ ಹಿಡಿದು ಬಂದ. ಕೆಲಸ ಏನೆಂದು ಕೇಳಿ ತಲೆ ಕೆರೆದುಕೊಂಡ.

"ನಾಳೆ ಸಾಹೇಬ್ರು ಬರೂದು ನನ್ನ ಮ್ಯಾಲಿನ ಖಟ್ಲೆಕ್ಕ ಹೌದಿಲ್ರಿ?"

"ಹೌದು."

"ಈ ಹಲ್ಲು ಕೂಡಸೂದು ನನ್ನ ಸೋಲಸಾಕ?"

"ಹೌದು."

ಮಾನಪ್ಪ ಉರುಳೆಯನ್ನು ತೊಡೆಗೆ ಎಳೆದುಕೊಂಡ. "ಎಷ್ಟು ಉದ್ದ ಇರ್ಲಿ?"

ಮಧ್ಯಾಹ್ನವೆಲ್ಲ ಅವನು ಟಾಯರು ಕಿತ್ತು, ಚಕ್ಕಡಿಯ ದಪ್ಪ ಮೊಳೆಗಳನ್ನು ಹಲ್ಲಾಗಿ ಬಡಿದ. ನಡುನಡುವೆ, "ಛಲೋ ಸಾಮಾನು ಕೆಡಸಾಕತ್ತೇನಿ, ಪಾಪ ಬರ್ತೈತಿ" ಎಂದು ಗೊಣಗಿದ. ದಾನವ್ವ ಅವನಿಗೆ ರೊಟ್ಟಿ ಕೊಟ್ಟಳು. ನಾಲ್ವತ್ತೆಂಟು ಹಲ್ಲುಗಳನ್ನು ಪರಮೇಶಪ್ಪನೇ ಎರಡು ಸಲ ಎಣಿಸಿದ.

ಮರುದಿನ ಹತ್ತು ಗಂಟೆಗೆ ಕಮಿಷನರು ಬಂದರು. ತೆಳ್ಳಗಿನ ಮನುಷ್ಯ, ಕನ್ನಡಕ, ಬಿಳಿ ಕೋಟು. ಎರಡೂ ಯಂತ್ರಗಳನ್ನು ಚಾವಡಿಯ ಮುಂದೆ ತಂದಿಟ್ಟಿದ್ದರು. ಊರೆಲ್ಲ ಸೇರಿತ್ತು. ಮೊದಲು ಪರಮೇಶಪ್ಪನ ಯಂತ್ರದ ಹಲ್ಲು ಎಣಿಸಿ, ಚಿತ್ರಕ್ಕೆ ಹೋಲಿಸಿ, ಸರಿಯಾಗಿದೆ ಎಂದು ಬರೆದುಕೊಂಡರು. ನಡೆಸಿ ತೋರಿಸಿರಿ ಎಂದರು.

ಪರಮೇಶಪ್ಪ ಹಿಡಿಕೆ ತಿರುವಿದ. ಕಡಕಡ, ಪಟಪಟ ಎಂದು ಸದ್ದಾಯಿತು. ಬೀಜ, ಸಿಪ್ಪೆ, ಧೂಳು ಒಂದಾಗಿ ಕೆಳಗೆ ಬಿದ್ದವು. ಹೊಟ್ಟು ಹಾರಿ ಕಮಿಷನರ ಕೋಟಿನ ಮೇಲೆ ಕುಳಿತಿತು. ಅವರು ಮೂರು ಸಲ ಸೀನಿದರು.

"ಏನಿದು?"

"ಶೇಂಗಾ ಒಡಿಯೋ ಮಶೀನ್ರಿ."

"ಒಡದದ್ದಂತೂ ಖರೆ" ಎಂದು ಅವರು ಬರೆದುಕೊಂಡರು.

ಮಾನಪ್ಪನ ಯಂತ್ರ ನಡೆಯಿತು. ಕೆಂಪಗಿನ ಇಡೀ ಬೀಜ ರಾಶಿಯಾಗಿ ಬಿತ್ತು. ಹೆಂಗಸರು ಸೆರಗು ಹಿಡಿದು ಮುಂದೆ ಬಂದರು. ಕಮಿಷನರು ಒಂದು ಬೀಜ ಬಾಯಿಗೆ ಹಾಕಿಕೊಂಡು ಮಾನಪ್ಪನನ್ನು ಕೇಳಿದರು.

"ಇದು ಯಾರ ವಿಚಾರ?"

"ಇವರದ್ರಿ" ಎಂದು ಮಾನಪ್ಪ ಪರಮೇಶಪ್ಪನನ್ನು ತೋರಿಸಿದ. "ಇವರ ಮನ್ಯಾಗ ನೋಡಿ ಮಾಡೇನಿ. ಸುಳ್ಳು ಯಾಕ ಹೇಳ್ಲಿ."

ಅವನ ಪರವಾಗಿ ಬಂದಿದ್ದ ವಕೀಲ ಮಾನಪ್ಪನ ತೋಳು ಚಿವುಟಿದ. ಕಮಿಷನರು ಪರಮೇಶಪ್ಪನ ಕಡೆಗೆ ತಿರುಗಿದರು.

"ಪ್ರತಿವಾದಿ ಒಪ್ಪಿಕೊಂಡಾನ. ಈ ಟಾಯರಿನ ಯಂತ್ರ ನಿಮ್ಮದೇನು?"

ಮಹಾಲಿಂಗಪ್ಪನವರು ನೆಲ ನೋಡಿದರು. ಪರಮೇಶಪ್ಪ ತನ್ನ ಹಲ್ಲಿನ ಯಂತ್ರದ ಮೇಲೆ ಕೈಯಿಟ್ಟ.

"ನಂದಲ್ಲರಿ."

"ನಿಮ್ಮದ ಹೌದಲ್ರಿ ಸಾವ್ಕಾರ್ರ" ಎಂದ ಮಾನಪ್ಪ. "ನಿಮ್ಮ ಹಿತ್ತಲ ಕ್ವಾಣ್ಯಾಗ..."

"ನಂದಲ್ಲ ಅಂದ್ನೆಲ್ಲ!"

"ಮತ್ತ ಯಾರದ್ರಿ? ನನಗಂತೂ ಹಿಂತಾದು ತಲ್ಯಾಗ ಬರೂದಿಲ್ಲ."

"ಯಾರದರ ಇರ್ಲಿ. ನಿಂದ ಅನ್ಕೋ!"

"ನಾ ಹೆಂಗ ಅನ್ಕೊಳ್ಳಿ? ಮಂದಿದನ್ನ ನಂದ ಅಂದ್ರ ಬಾಯಾಗ ಹುಳ ಬೀಳ್ತಾವ."

ದಾನವ್ವ ಹೆಂಗಸರ ಗುಂಪಿನಿಂದ ಹೊರಗೆ ಬಂದಳು. "ತಮ್ಮಾ, ತಡಸದಾಗ ಮೋಟಾರ ಹಾದದ್ದು ನೋಡಿ ಬಂದು ಮೂರು ದಿನ ಉಂಡಿದ್ದಿಲ್ಲ ನೀ. ನಾ ಹೆತ್ತಾಕಿ, ಖರೆ ಹೇಳು. ಅದು ನಿಂದ ಹೌದಿಲ್ಲೋ?"

"ಅವ್ವಾ, ಸುಮ್ಮಿರಬೇ" ಎಂದು ಪರಮೇಶಪ್ಪ ಕೂಗಿದ. ಆಮೇಲೆ ಕಮಿಷನರ ಮುಂದೆ ಹೋಗಿ, ದೇವರ ಸಾಕ್ಷಿಯಾಗಿ, ಟಾಯರಿಗೂ ತನಗೂ ಯಾವ ಸಂಬಂಧವೂ ಇಲ್ಲವೆಂದು, ತಾನು ಕಂಡುಹಿಡಿದದ್ದು ಕಬ್ಬಿಣದ ಹಲ್ಲು ಮಾತ್ರವೆಂದು ಹೇಳಿ ಕೆಳಗೆ ಸಹಿ ಮಾಡಿದ. ಅಕ್ಷರ ದುಂಡಗೆ ಬಂದವು.

ಎರಡು ತಿಂಗಳಿಗೆ ತೀರ್ಪು ಬಂತು. ಪೇಟೆಂಟು ಸರಿಯಾಗಿಯೇ ಇದೆ. ನಾಲ್ವತ್ತೆಂಟು ಹಲ್ಲಿನ ಯಂತ್ರ ಅವಧಿ ಮುಗಿಯುವವರೆಗೆ ಪರಮೇಶಪ್ಪನ ಸ್ವಂತ. ಮಾನಪ್ಪನಾಗಲಿ ಬೇರೆ ಯಾರಾಗಲಿ ಅದನ್ನು ಮಾಡತಕ್ಕದ್ದಲ್ಲ. ಟಾಯರಿನ ಯಂತ್ರಕ್ಕೂ ಈ ಪೇಟೆಂಟಿಗೂ ಸಂಬಂಧವಿಲ್ಲ. ಮಾನಪ್ಪ ಇದನ್ನು ಓದಿಸಿ ಕೇಳಿ ಗಾಬರಿಯಿಂದ ಬಂದ.

"ಯಾರರ ಬಂದು ಹಲ್ಲಿಂದ ಮಾಡಿಕೊಡು ಅಂದ್ರ ಏನ್ ಮಾಡ್ಲಿ ಸಾವ್ಕಾರ್ರ?"

"ನನ್ನ ಕಡೆ ಕಳಸು."

ಯಾರೂ ಬರಲಿಲ್ಲ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಆಯದ ಬಡಿಗರೆಲ್ಲ ಒಬ್ಬರದು ನೋಡಿ ಒಬ್ಬರು ಟಾಯರಿನ ಯಂತ್ರ ಕಟ್ಟಿದರು. ಯಾರನ್ನು ಕೇಳಿದರೂ "ನಮ್ಮ ಕಡೆ ಮೊದಲಿಂದ ಐತಿ" ಎನ್ನುತ್ತಿದ್ದರು. ಪರಮೇಶಪ್ಪ ಪೇಟೆಂಟು ಉಳಿಯಲೆಂದು ವರ್ಷ ವರ್ಷ ಕಲಕತ್ತೆಗೆ ಫೀ ಕಳಿಸಿದ.

ಮರುವರ್ಷದ ಸುಗ್ಗಿಗೆ ಅವನ ಮನೆಯಲ್ಲಿ ಆರು ಚೀಲ ಶೇಂಗಾ ಬಂತು. ಮನೆಯಲ್ಲಿ ಟಾಯರು ಇಟ್ಟರೆ ಪ್ರಮಾಣ ಸುಳ್ಳಾಗುತ್ತದೆಂದು ವಕೀಲರು ಎಚ್ಚರಿಸಿದ್ದರು. ದಾನವ್ವನಿಗೆ ಈಗ ಕೈ ನಡೆಯದು. ಪರಮೇಶಪ್ಪ ಒಂದು ಚೀಲ ಹೊತ್ತುಕೊಂಡು ಮೂರನೆಯ ಮನೆಯ ಯಂಕವ್ವನಲ್ಲಿಗೆ ಹೋದ. ಮುಂದೆ ನಾಲ್ಕು ಜನ ಇದ್ದರು. ತನ್ನ ಪಾಳಿ ಬರುವವರೆಗೆ ಕಟ್ಟೆಯ ಮೇಲೆ ಕುಳಿತ. ಪಾಳಿ ಬಂದಾಗ ಹಿಡಿಕೆ ಹಿಡಿದು ಜೋರಾಗಿ ತಿರುವಿದ.

"ಅಯ್ಯ, ಹಂಗಲ್ರಿ" ಎಂದು ಯಂಕವ್ವ ಒಳಗಿಂದ ಓಡಿಬಂದಳು. "ನೀವು ಹಲ್ಲಿನ ಮಶೀನದವ್ರು, ನಿಮಗ ಇದರ ರೂಢಿ ಇಲ್ಲ. ಇಲ್ಲಿ ಹಿಡೀರಿ. ಸಾವಕಾಶ. ಕಾಯಿ ತಾನ ಬಿರೀಬೇಕು."

ಪರಮೇಶಪ್ಪ ಅವಳು ಹೇಳಿದಲ್ಲಿ ಹಿಡಿದ, ಅವಳು ಹೇಳಿದಷ್ಟೇ ಮೆಲ್ಲಗೆ ತಿರುವಿದ. ಬೀಜ ಇಡಿಯಾಗಿ ಉದುರತೊಡಗಿತು.

"ಹಾಂ, ಹಂಗ" ಎಂದಳು ಯಂಕವ್ವ. "ಈಗ ಬಂತು ನೋಡ್ರಿ ನಿಮಗ."